ಕೋಳಿ ಕೊಂದ ಮುಧೋಳ ನಾಯಿಯನ್ನು ಹಟ್ಟಿ, ಬೆಕ್ಕು ಇರುವ ಮನೆಗೆ ತರಬಹುದೇ?

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಅಡಿಕೆ ತೋಟದ ನಡುವಿನ ಮನೆ. ಹಟ್ಟಿಯಲ್ಲಿ ಕಾಸರಗೋಡು ಗಿಡ್ಡ ತಳಿಯ ಎರಡು ದನಗಳೂ ಒಂದು ಕರುವೂ ಇವೆ, ಮನೆಯೊಳಗೆ ವಯಸ್ಸಾದ ಒಂದು ಬೆಕ್ಕಿದೆ. ನೆರೆಮನೆಯ ಕೋಳಿಗಳು ಹಗಲಿಡೀ ನಮ್ಮ ತೋಟದಲ್ಲೇ ಕೆದಕುತ್ತಿರುತ್ತವೆ. ಬೆಂಗಳೂರಿನಲ್ಲಿರುವ ಸಂಬಂಧಿಕರು ಎರಡು ತಿಂಗಳಲ್ಲಿ ವಿದೇಶಕ್ಕೆ ಹೊರಟಿದ್ದು, ತಮ್ಮ ಮೂರು ವರ್ಷದ ಮುಧೋಳ ಗಂಡು ನಾಯಿಯನ್ನು ನಮಗೆ ಕೊಡಲು ಬಯಸುತ್ತಾರೆ. ಮನುಷ್ಯರೊಡನೆ ಅದು ತೀರಾ ಸಾಧು. ಆದರೆ ಹಿಂದೊಮ್ಮೆ ಹಳ್ಳಿಗೆ ಕರೆದೊಯ್ದಾಗ ಒಂದೇ ಹೊತ್ತಿನಲ್ಲಿ ನಾಲ್ಕು ಕೋಳಿಗಳನ್ನು ಕೊಂದು ಹಾಕಿತಂತೆ, ಒಂದನ್ನೂ ತಿನ್ನಲಿಲ್ಲವಂತೆ. ನಾವು ಸಸ್ಯಾಹಾರಿಗಳು. ನಾಲ್ಕು ಪೆಟ್ಟು ಕೊಟ್ಟರೆ ಸರಿಹೋಗುತ್ತದೆ ಎಂದು ಕೆಲವರು, ರಕ್ತದ ರುಚಿ ಹತ್ತಿದ ನಾಯಿ ಬೇಡವೇ ಬೇಡ ಎಂದು ಕೆಲವರು ಹೇಳುತ್ತಾರೆ. ನಾವು ಏನು ಮಾಡಬೇಕು?

ಉತ್ತರ: ತರಬಹುದು. ಆದರೆ ‘ಬಂದ ಮೇಲೆ ನಿಧಾನಕ್ಕೆ ಸರಿಯಾಗುತ್ತದೆ’ ಎಂಬ ನಂಬಿಕೆಯ ಮೇಲೆ ತರಬೇಡಿ. ಮೂರು ವರ್ಷದ ಮುಧೋಳ ನಾಯಿಯ ಬೇಟೆಯ ಸೆಳೆತ, ಅಂದರೆ ನಾಯಿ ಸಾಕುವವರು ಪ್ರೇ ಡ್ರೈವ್ ಎಂದು ಕರೆಯುವ ಸ್ವಭಾವ, ತರಬೇತಿಯಿಂದ ಹದಕ್ಕೆ ಬಂದೀತೇ ಹೊರತು ಇಲ್ಲವಾಗುವುದಿಲ್ಲ. ಆದ್ದರಿಂದ ನೀವು ಮನೆಯವರೆಲ್ಲ ಕುಳಿತು ತೀರ್ಮಾನಿಸಬೇಕಾದ ಸಂಗತಿ ಒಂದೇ: ನಾಯಿ ಬದುಕಿರುವ ಮುಂದಿನ ಎಂಟು ಹತ್ತು ವರ್ಷ, ಮಳೆಗಾಲದಲ್ಲೂ ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲೂ, ನೆಂಟರು ಬಂದು ಬಾಗಿಲು ತೆರೆದಿಡುವ ದಿನಗಳಲ್ಲೂ, ಗೇಟು ಮತ್ತು ಬಾಗಿಲಿನ ಶಿಸ್ತನ್ನು ಎಲ್ಲರೂ ಪಾಲಿಸಬಲ್ಲಿರೇ? ಇದಕ್ಕೆ ಹೌದೆಂಬ ಉತ್ತರ ಬಂದರೆ ದನಕರುಗಳ ಮತ್ತು ಕೋಳಿಗಳ ಮಟ್ಟಿಗೆ ದಾರಿಯಿದೆ. ಬೆಕ್ಕಿನ ವಿಷಯ ಬೇರೆ, ಅದನ್ನು ಪರೀಕ್ಷಿಸಿಯೇ ಹೇಳಬೇಕಾಗುತ್ತದೆ.

ಮೊದಲು ‘ರಕ್ತದ ರುಚಿ’ಯ ಮಾತು. ನಾಲ್ಕು ಕೋಳಿಗಳನ್ನು ಕೊಂದರೂ ಒಂದನ್ನೂ ತಿನ್ನಲಿಲ್ಲ ಎಂಬ ನಿಮ್ಮ ವಿವರಣೆಯೇ ಅದಕ್ಕೆ ಉತ್ತರವಾಗಿದೆ. ನಾಯಿಯ ಬೇಟೆ ಎಂಬುದು ಒಂದೇ ಕ್ರಿಯೆಯಲ್ಲ. ಅದು ಗುರುತಿಸುವುದು, ದಿಟ್ಟಿಸುವುದು, ಹೊಂಚಿ ಸಾಗುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ಕೊನೆಗೆ ಸಿಗಿದು ತಿನ್ನುವುದು ಎಂಬ ಹಂತಗಳ ಸರಣಿ. ತೋಳದಲ್ಲಿ ಈ ಸರಣಿ ಇಡಿಯಾಗಿ ಉಳಿದಿದೆ. ಮನುಷ್ಯರು ತಳಿಗಳನ್ನು ರೂಪಿಸುವಾಗ ತಮಗೆ ಬೇಕಾದ ಹಂತವನ್ನು ಬೆಳೆಸಿ, ಬೇಡದ್ದನ್ನು ಕುಗ್ಗಿಸಿದರು. ಕುರಿ ಹಿಂಡನ್ನು ತಿರುಗಿಸುವ ಬಾರ್ಡರ್ ಕೋಲಿಯಲ್ಲಿ ದಿಟ್ಟಿಸುವುದೂ ಹೊಂಚುವುದೂ ಅತಿಯಾಗಿ ಬೆಳೆದಿವೆ, ಕಚ್ಚುವುದು ಕುಗ್ಗಿದೆ. ಹಕ್ಕಿಯನ್ನು ಹೆಕ್ಕಿ ತರುವ ಲ್ಯಾಬ್ರಡಾರ್ ಹಿಡಿಯುತ್ತದೆ, ಕೊಲ್ಲುವುದು ವಿರಳ. ಮುಧೋಳದಲ್ಲಿ ಅಟ್ಟುವುದರಿಂದ ಕೊಲ್ಲುವವರೆಗಿನ ಹಂತಗಳು ಗಟ್ಟಿಯಾಗಿಯೇ ಉಳಿದಿವೆ, ಏಕೆಂದರೆ ಅದನ್ನು ಸಾಕಿದ್ದೇ ಮೊಲವನ್ನು ಓಡಿ ಹಿಡಿಯುವುದಕ್ಕಾಗಿ. ಪ್ರತಿಯೊಂದು ಹಂತವೂ ನಾಯಿಗೆ ತನ್ನಷ್ಟಕ್ಕೇ ಸುಖ ಕೊಡುತ್ತದೆ. ಹೊಟ್ಟೆ ತುಂಬಿದೆಯೋ ಇಲ್ಲವೋ ಎಂಬುದು ಇಲ್ಲಿ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ಒಂದು ಕೋಳಿ ಬಿದ್ದ ಮೇಲೂ ಇನ್ನೊಂದು ರೆಕ್ಕೆ ಬಡಿದು ಕಿರುಚಿದರೆ, ಸರಣಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕಾಡಿನಲ್ಲಿ ಉಳಿದ ಹಕ್ಕಿಗಳು ಅಷ್ಟರಲ್ಲಿ ಹಾರಿಹೋಗಿರುತ್ತವೆ. ಅಂಗಳದ ಕೋಳಿಗಳಿಗೆ ಹೋಗಲು ಜಾಗವಿಲ್ಲ. ನಾಲ್ಕು ಸತ್ತದ್ದು ಹೀಗೆ. ಇದರಲ್ಲಿ ಕ್ರೌರ್ಯವೂ ಇಲ್ಲ, ರುಚಿಯ ಚಟವೂ ಇಲ್ಲ. ನಿಮ್ಮ ಮನೆಯ ಸಸ್ಯಾಹಾರವಾಗಲಿ, ಬೇರೆ ಮನೆಯ ಮಾಂಸಾಹಾರವಾಗಲಿ ಈ ಸ್ವಭಾವವನ್ನು ತಗ್ಗಿಸುವುದೂ ಇಲ್ಲ, ಏರಿಸುವುದೂ ಇಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಊರು ಸುತ್ತುವುದು ಕಡಿಮೆಯಾಗಬಹುದು, ಬೇಟೆಯ ಸೆಳೆತ ಕಡಿಮೆಯಾಗುತ್ತದೆಂದು ನಿರೀಕ್ಷಿಸಬೇಡಿ.

ಮನುಷ್ಯರೊಡನೆ ಸಾಧುವಾಗಿರುವ ನಾಯಿ ಕೋಳಿಯನ್ನು ಕೊಂದದ್ದು ಹೇಗೆ ಎಂಬ ಗೊಂದಲಕ್ಕೂ ಕಾರಣವಿಲ್ಲ. ಸಿಟ್ಟು ಮತ್ತು ಬೇಟೆ ಮಿದುಳಿನಲ್ಲಿ ಬೇರೆ ಬೇರೆ ದಾರಿಗಳಲ್ಲಿ ಸಾಗುತ್ತವೆ. 1960ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಫ್ಲಿನ್ ಮತ್ತು ಸಂಗಡಿಗರು ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್‌ನ ಒಂದು ಭಾಗವನ್ನು ಪ್ರಚೋದಿಸಿದಾಗ ಬೆಕ್ಕು ಬುಸುಗುಟ್ಟಿ, ಕೂದಲು ನಿಮಿರಿಸಿ ಎರಗುತ್ತಿತ್ತು. ಇನ್ನೊಂದು ಭಾಗವನ್ನು ಪ್ರಚೋದಿಸಿದಾಗ ಸದ್ದಿಲ್ಲದೆ ಹೊಂಚಿ ಇಲಿಯನ್ನು ಕಚ್ಚುತ್ತಿತ್ತು. ನಿಮ್ಮ ಸಂಬಂಧಿಕರ ನಾಯಿ ಕೋಳಿಯ ಮೇಲೆ ಗುರುಗುಟ್ಟಿರಲಿಕ್ಕಿಲ್ಲ, ಹಲ್ಲು ಕಿಸಿದಿರಲಿಕ್ಕೂ ಇಲ್ಲ. ಬೊಗಳುವ ನಾಯಿಗಿಂತ ಸದ್ದಡಗಿ ನೆಟ್ಟ ನೋಟದಲ್ಲಿ ನಿಂತ ನಾಯಿಯ ಬಗ್ಗೆ ಹೆಚ್ಚು ಎಚ್ಚರದಿಂದಿರಬೇಕು ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕಾಗಿಯೇ.

ಹೊಡೆಯುವ ಸಲಹೆಯನ್ನು ದಯವಿಟ್ಟು ಮರೆತುಬಿಡಿ. ಸತ್ತ ಕೋಳಿಯನ್ನು ಕೊರಳಿಗೆ ಕಟ್ಟಿಬಿಡುವ ಹಳೆಯ ಪದ್ಧತಿಯೂ ಅಷ್ಟೇ ನಿರರ್ಥಕ, ಅದಕ್ಕಿಂತ ಹೆಚ್ಚು ಹಿಂಸೆಯದು. ಅಟ್ಟಿ ಹಿಡಿದ ಸುಖ ಆ ಕ್ಷಣದಲ್ಲೇ ಸಿಕ್ಕಿಯಾಗಿರುತ್ತದೆ. ಆಮೇಲೆ ಬೀಳುವ ಪೆಟ್ಟನ್ನು ನಾಯಿ ಕೋಳಿಯೊಂದಿಗೆ ಜೋಡಿಸುವುದಿಲ್ಲ, ಹೊಡೆದವರೊಂದಿಗೆ ಜೋಡಿಸುತ್ತದೆ. ಫಲವಾಗಿ ನೀವು ಎದುರಿಗಿದ್ದಾಗ ಅದು ಸುಮ್ಮನಿದ್ದು, ನೀವು ತೋಟದಾಚೆ ಹೋದ ಕೂಡಲೇ ಬೇಟೆಗೆ ಇಳಿಯುತ್ತದೆ. ಕರೆದರೆ ಹತ್ತಿರ ಬರುವುದನ್ನೂ ನಿಲ್ಲಿಸುತ್ತದೆ. ವಿದ್ಯುತ್ ಆಘಾತ ಕೊಡುವ ಕೊರಳಪಟ್ಟಿಗಳೂ ಬೇಡ. ಬೆಕ್ಕನ್ನು ನೋಡುತ್ತಿರುವಾಗ ನೋವಾದರೆ, ಅದುವರೆಗೆ ಬರೀ ಕುತೂಹಲವಿದ್ದಲ್ಲಿ ದ್ವೇಷವೂ ಸೇರಿಕೊಳ್ಳುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ನಾಯಿ ಬೆಂಗಳೂರಿನಲ್ಲಿರುವಾಗಲೇ ಸಂಬಂಧಿಕರನ್ನು ಕೂಲಂಕಷವಾಗಿ ಕೇಳಿ. ಕೋಳಿಗಳನ್ನು ಅದು ಎಷ್ಟು ದೂರದಿಂದ ಗುರುತಿಸಿತು? ಕರೆದಾಗ ತಿರುಗಿತೇ? ಬೀದಿಯ ಬೆಕ್ಕನ್ನು ಕಂಡಾಗ ಏನು ಮಾಡುತ್ತದೆ. ಅಟ್ಟಿ ನಿಲ್ಲುತ್ತದೆಯೇ, ಗೋಡೆ ಹಾರುತ್ತದೆಯೇ? ಯಾವಾಗಲಾದರೂ ಬೆಕ್ಕನ್ನು ಹಿಡಿದದ್ದುಂಟೇ? ಇಲಿ, ಅಳಿಲುಗಳ ಸಂಗತಿ ಏನು? ನಾಯಿಯನ್ನು ಪ್ರೀತಿಸುವವರು ಅದಕ್ಕೆ ಮನೆ ಸಿಗದೆ ಹೋದೀತೆಂಬ ಭಯದಿಂದ ಕೆಲವನ್ನು ಹೇಳದೆ ಉಳಿಸುವುದುಂಟು. ಏನು ಹೇಳಿದರೂ ನೀವು ಕೂಡಲೇ ಬೇಡವೆನ್ನುವುದಿಲ್ಲ ಎಂಬ ಭರವಸೆ ಕೊಟ್ಟು ಕೇಳಿದರೆ ನಿಜ ಹೊರಬರುತ್ತದೆ.

ಆಮೇಲೆ ಪರೀಕ್ಷೆ. ಮುಧೋಳದಂಥ ನಾಯಿಗಳ ತಲೆ ಕೊರಳಿಗಿಂತ ಹೆಚ್ಚು ಅಗಲವಿರುವುದಿಲ್ಲವಾದ್ದರಿಂದ ಸಾಮಾನ್ಯ ಕೊರಳಪಟ್ಟಿ ಹಿಂದಕ್ಕೆ ಜಗ್ಗಿದಾಗ ಕಳಚಿಕೊಳ್ಳುತ್ತದೆ. ಎಳೆದಾಗ ಹದವಾಗಿ ಬಿಗಿಯುವ ಮಾರ್ಟಿಂಗೇಲ್ ಎಂಬ ಅಗಲ ಪಟ್ಟಿಯನ್ನೋ, ಎದೆಯನ್ನು ಸುತ್ತುವ ಹಾರ್ನೆಸ್ಸನ್ನೋ ತೊಡಿಸಿ. ಗೂಡಿನೊಳಗೆ ಭದ್ರವಾಗಿರುವ ಕೋಳಿಗಳಿಂದ ಇಪ್ಪತ್ತು ಮೀಟರ್ ದೂರದಲ್ಲಿ ನಾಯಿಯೊಂದಿಗೆ ನಿಂತು, ಏನನ್ನೂ ಹೇಳದೆ ಅದರ ಮೈಯನ್ನು ನೋಡಿ. ಬರೀ ಕುತೂಹಲವಿರುವ ನಾಯಿ ಮೂಗೆತ್ತಿ ಮೂಸುತ್ತದೆ, ಬಾಲ ಸಡಿಲವಾಗಿ ಆಡುತ್ತದೆ, ಒಮ್ಮೆ ಕೋಳಿಯನ್ನೂ ಒಮ್ಮೆ ನಿಮ್ಮನ್ನೂ ನೋಡುತ್ತದೆ, ನೆಲದ ಹುಲ್ಲನ್ನು ಮೂಸಲು ತಲೆ ತಗ್ಗಿಸುತ್ತದೆ. ಬೇಟೆಗೆ ಇಳಿದ ನಾಯಿಯಲ್ಲಿ ಮೊದಲು ನಿಲ್ಲುವುದು ಏದುಸಿರು: ತೆರೆದಿದ್ದ ಬಾಯಿ ಮುಚ್ಚುತ್ತದೆ. ಕಿವಿಗಳು ಮುಂದಕ್ಕೆ ಬರುತ್ತವೆ, ಬಾಲ ಅಲುಗದೆ ನಿಲ್ಲುತ್ತದೆ, ಒಂದು ಮುಂಗಾಲು ಅರ್ಧ ಮೇಲೆದ್ದು ಗಾಳಿಯಲ್ಲೇ ಉಳಿಯುತ್ತದೆ, ತೊಡೆಯ ಸ್ನಾಯುಗಳು ಸಣ್ಣಗೆ ಅದುರುತ್ತವೆ. ಆಗ ಹೆಸರು ಹಿಡಿದು ಕರೆಯಿರಿ, ಮೂಗಿನ ಬಳಿ ಅದರ ಅಚ್ಚುಮೆಚ್ಚಿನ ತಿಂಡಿ ಹಿಡಿಯಿರಿ. ಎರಡು ಮೂರು ಸೆಕೆಂಡಿನಲ್ಲಿ ತಲೆ ತಿರುಗಿಸಿ ತಿಂದರೆ ಆ ದೂರದಲ್ಲಿ ಅದು ಇನ್ನೂ ನಿಮ್ಮ ಮಾತು ಕೇಳುವ ಸ್ಥಿತಿಯಲ್ಲಿದೆ. ತಿಂಡಿ ಬಾಯಿಗೆ ತಾಗಿದರೂ ಅದಕ್ಕೆ ಗೊತ್ತಾಗದಿದ್ದರೆ ನೀವು ತೀರಾ ಹತ್ತಿರ ಬಂದಿದ್ದೀರಿ. ಹಿಂದೆ ಸರಿದು ಐವತ್ತು ಮೀಟರಿನಲ್ಲಿ ಮತ್ತೆ ನೋಡಬೇಕು. ಯಾವ ದೂರದಲ್ಲಿ ಅದು ನಿಮ್ಮ ಕಡೆ ತಿರುಗಬಲ್ಲದೋ ಅದೇ ನಿಮ್ಮ ತರಬೇತಿಯ ಆರಂಭದ ಜಾಗ. ಬಿಟ್ಟ ಕೋಳಿಯನ್ನೋ ಬೆಕ್ಕನ್ನೋ ಎದುರಿಗಿಟ್ಟು ‘ನೋಡೋಣ ಏನು ಮಾಡುತ್ತದೆ’ ಎಂದು ಪರೀಕ್ಷಿಸುವುದು ಪರೀಕ್ಷೆಯಲ್ಲ, ಇನ್ನೊಂದು ಜೀವವನ್ನು ಪಣಕ್ಕಿಡುವುದು.

ಬೆಕ್ಕಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಕೋಳಿಗೂ ನಾಯಿಗೂ ನಡುವೆ ಬೇಲಿ ಹಾಕಬಹುದು, ಆದರೆ ಬೆಕ್ಕು ಮತ್ತು ನಾಯಿ ಒಂದೇ ಸೂರಿನಡಿ ಬದುಕಬೇಕು. ಅದೂ ನಿಮ್ಮದು ಮುದಿ ಬೆಕ್ಕು. ಸಂಧಿನೋವಿರುವ ಬೆಕ್ಕು ಕಪಾಟಿನ ಮೇಲಕ್ಕೆ ಜಿಗಿಯಲಾರದು, ಓಡಿ ತಪ್ಪಿಸಿಕೊಳ್ಳಲೂ ಆರದು. ನಾಯಿ ಬರುವ ಮೊದಲೇ ಒಂದು ಕೋಣೆಯನ್ನು ಪೂರ್ತಿಯಾಗಿ ಬೆಕ್ಕಿಗೆ ಬಿಟ್ಟುಕೊಡಿ. ಅಲ್ಲಿ ಅದರ ಅನ್ನ, ನೀರು, ಮಲಗುವ ಚಾಪೆ ಇರಲಿ; ಎತ್ತರದ ಒಂದು ಹಲಗೆಯೂ, ಅದಕ್ಕೆ ಹತ್ತಲು ಸಣ್ಣ ಮೆಟ್ಟಿಲುಗಳೂ ಇರಲಿ. ಮೊದಲ ಎರಡು ವಾರ ಇಬ್ಬರೂ ಒಬ್ಬರನ್ನೊಬ್ಬರು ನೋಡಲೇಬಾರದು. ಬೆಕ್ಕಿನ ಮೈ ಒರೆಸಿದ ಬಟ್ಟೆಯನ್ನು ನಾಯಿಯ ಬಳಿ, ನಾಯಿಯದನ್ನು ಬೆಕ್ಕಿನ ಬಳಿ ಇಟ್ಟು ವಾಸನೆಯ ಪರಿಚಯ ಮಾಡಿಸಿ. ಬಳಿಕ ಮುಚ್ಚಿದ ಬಾಗಿಲಿನ ಎರಡು ಬದಿಗಳಲ್ಲಿ ಊಟ. ಅದರ ನಂತರವೇ ಜಾಲರಿಯ ಬಾಗಿಲಿನಾಚೆಯಿಂದ ದೂರದ ನೋಟ. ನಾಯಿ ಬೆಕ್ಕನ್ನು ನೋಡಿ ತಾನಾಗಿ ನಿಮ್ಮ ಕಡೆ ತಿರುಗಿದ ಪ್ರತಿ ಸಲವೂ ತಿಂಡಿ ಕೊಡಿ. ದಿಟ್ಟಿಸುವ ಹಂತದಿಂದ ಹೊಂಚುವ ಹಂತಕ್ಕೆ ಜಾರುವ ಮುನ್ನ ಸರಣಿಯನ್ನು ತುಂಡರಿಸುವುದೇ ಇಲ್ಲಿಯ ಗುಟ್ಟು. ಒಮ್ಮೆ ಅಟ್ಟಲು ಶುರುಮಾಡಿದ ಮೇಲೆ ಯಾವ ಕೂಗೂ ಅದರ ಕಿವಿಗೆ ಬೀಳುವುದಿಲ್ಲ. ಬೆಕ್ಕು ಓಡಿದರೆ ಅಷ್ಟೂ ದಿನದ ಕೆಲಸ ಹಾಳಾಗುವುದರಿಂದ, ಒಂದೇ ಕೋಣೆಯಲ್ಲಿ ಮೊದಲ ಸಲ ಸೇರಿಸುವಾಗ ನಾಯಿಗೆ ಹಗ್ಗವಿರಲಿ, ಬಾಯಿಗೆ ಬುಟ್ಟಿಯಾಕಾರದ ಮುಸುಕು ಇರಲಿ. ಏದುಸಿರು ಬಿಡಲೂ ನೀರು ಕುಡಿಯಲೂ ಆಗುವಂಥ ಮುಸುಕನ್ನು ಮೊದಲೇ ತಿಂಡಿಯೊಂದಿಗೆ ರೂಢಿ ಮಾಡಿಸಿರಬೇಕು. ಮುಸುಕಿದ್ದರೂ ಇಪ್ಪತ್ತು ಕಿಲೋ ದಾಟಿದ ನಾಯಿ ಮೇಲೆ ಬಿದ್ದರೆ ಮುದಿ ಬೆಕ್ಕಿನ ಎಲುಬು ಮುರಿದೀತು, ಆದ್ದರಿಂದ ಹಗ್ಗ ಕೈಯಲ್ಲೇ ಇರಬೇಕು.

ಇಷ್ಟೆಲ್ಲ ಮಾಡಿ ಕೆಲವು ತಿಂಗಳಲ್ಲಿ ಇಬ್ಬರೂ ಚಾವಡಿಯಲ್ಲಿ ಹತ್ತಿರ ಹತ್ತಿರ ಮಲಗುವಂತಾದರೂ, ಮನೆಯಲ್ಲಿ ಯಾರೂ ಇಲ್ಲದಾಗ ಬೇರೆ ಬೇರೆ ಕೋಣೆಗಳಲ್ಲೇ ಇರಬೇಕು. ಮನೆಯೊಳಗಿನ ಬೆಕ್ಕನ್ನು ‘ನಮ್ಮವರು’ ಎಂದು ಒಪ್ಪಿಕೊಂಡ ನಾಯಿ, ಅದೇ ಬೆಕ್ಕು ಅಂಗಳದಲ್ಲಿ ಸಂಜೆ ಮಬ್ಬಿನಲ್ಲಿ ಓಡಿದರೆ ಅಟ್ಟುವುದುಂಟು. ಇನ್ನು, ದಿನಗಟ್ಟಲೆ ಜಾಲರಿಯ ಬಾಗಿಲಿನ ಮುಂದೆ ಅನ್ನ ಬಿಟ್ಟು, ನಡುಗುತ್ತ, ಬೆಕ್ಕಿನ ಕೋಣೆಯನ್ನೇ ದಿಟ್ಟಿಸುವ ನಾಯಿಯಾದರೆ ನನ್ನ ಸಲಹೆ ಸ್ಪಷ್ಟ: ಬೆಕ್ಕು ಇರುವವರೆಗೆ ಆ ನಾಯಿ ನಿಮ್ಮ ಮನೆಗೆ ಬೇಡ. ಈ ಇಳಿವಯಸ್ಸಿನಲ್ಲಿ ಬೆಕ್ಕು ತನ್ನದೇ ಮನೆಯಲ್ಲಿ ಹೆದರಿ ಬದುಕುವಂತಾಗಬಾರದು.

ನೆರೆಮನೆಯ ಕೋಳಿಗಳ ಪ್ರಶ್ನೆ ಇದಕ್ಕಿಂತ ಸರಳ, ಆದರೆ ಖರ್ಚಿನದು. ಅವು ನಿಮ್ಮ ತೋಟಕ್ಕೆ ಬರುವುದನ್ನು ನಿಲ್ಲಿಸಿ ಎಂದು ನೆರೆಯವರಿಗೆ ಹೇಳುವ ಬದಲು, ನಾಯಿಗೆ ಬೇಲಿ ಹಾಕುವುದು ನ್ಯಾಯ. ನಮ್ಮ ಕಡೆಯ ಮನೆಗಳ ಮುರಕಲ್ಲಿನ ಪಾಗಾರ ಹೆಚ್ಚಾಗಿ ಎದೆಮಟ್ಟಕ್ಕಿರುತ್ತದೆ, ಮುಧೋಳ ನಾಯಿಗೆ ಅದೊಂದು ತಡೆಯೇ ಅಲ್ಲ. ಮನೆಯ ಹಿಂದೆಯೋ ಪಕ್ಕದಲ್ಲೋ ಆರು ಅಡಿಗಿಂತ ಎತ್ತರದ ಬೆಸುಗೆ ಜಾಲರಿಯ ಆವರಣ ಮಾಡಿಸಿ, ಕೆಳಗೆ ಒಂದು ಅಡಿ ಮಣ್ಣಿನೊಳಗೆ ಹೂಳಿಸಿ. ಕೋಳಿಗೂಡಿಗೆ ಬಳಸುವ ತೆಳು ಷಟ್ಕೋನ ಜಾಲರಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ತಡೆಯುವುದಿಲ್ಲ. ಕೋಳಿಗಳು ಅಡ್ಡಾಡುವ ಬದಿಗೆ ಅಡಿಕೆ ಸೋಗೆಯನ್ನೋ ತಗಡನ್ನೋ ಕಟ್ಟಿ ನೋಟವನ್ನು ಮರೆಮಾಡುವುದು ಬಹಳ ಮುಖ್ಯ. ಕಣ್ಣಿಗೆ ಬೀಳದ್ದು ಈ ತಳಿಯನ್ನು ಅಷ್ಟಾಗಿ ಕೆಣಕುವುದಿಲ್ಲ. ಅಂಗಳದ ತೆಂಗಿನ ಮರಕ್ಕೆ ಸರಪಳಿಯಲ್ಲಿ ಕಟ್ಟಿಹಾಕುವುದು ಮಾತ್ರ ಖಂಡಿತ ಬೇಡ. ಎದುರಿಗೇ ಕೋಳಿಗಳು ಅಡ್ಡಾಡುತ್ತಿದ್ದು ಅದು ಕಟ್ಟಿನಲ್ಲಿ ಜಗ್ಗುತ್ತ ದಿನ ಕಳೆದರೆ, ಸರಪಳಿ ತಪ್ಪಿದ ದಿನ ನಾಲ್ಕಲ್ಲ, ನಲ್ವತ್ತು ಕೋಳಿಗಳಿದ್ದರೂ ಉಳಿಯಲಿಕ್ಕಿಲ್ಲ. ನೆರೆಯವರಿಗೆ ನಾಯಿಯ ಸ್ವಭಾವವನ್ನು ಮುಂಚಿತವಾಗಿಯೇ ತಿಳಿಸಿ, ನಷ್ಟವಾದರೆ ಬೆಲೆ ಕೊಡುವ ಮಾತನ್ನೂ ಆಡಿಡಿ.

ದನಗಳ ಮೇಲೆ ಮುಧೋಳ ಎರಗುವ ಸಂಭವ ಕಡಿಮೆ. ಆದರೆ ಕಾಸರಗೋಡು ಗಿಡ್ಡದ ಎತ್ತರ ಒಂದು ಮೀಟರಿನ ಆಸುಪಾಸು ಅಷ್ಟೇ, ಅದರ ಎಳೆಗರು ನಾಯಿಗಿಂತ ದೊಡ್ಡದೇನೂ ಇರುವುದಿಲ್ಲ; ಬಾಲವೆತ್ತಿ ನೆಗೆಯುವ ಕರು ನಾಯಿಯ ಕಣ್ಣಿಗೆ ಓಡುವ ಬೇಟೆಯಾಗಿಯೇ ಕಾಣಬಹುದು. ಹಟ್ಟಿಗೆ ನಾಯಿಯನ್ನು ಹಗ್ಗದಲ್ಲಿ ಮಾತ್ರ, ಕರು ಕಟ್ಟಿನಲ್ಲಿದ್ದಾಗ ಮಾತ್ರ ಕರೆದೊಯ್ಯಿರಿ. ದನ ಕರು ಹಾಕುವ ದಿನಗಳಲ್ಲಿ ಹತ್ತಿರ ಸುಳಿಯಲೇಬಾರದು: ಮಾಸಿನ ವಾಸನೆ ನಾಯಿಯನ್ನು ಸೆಳೆಯುತ್ತದೆ, ಹೊಸ ತಾಯಿಯ ಕೊಂಬು ಮತ್ತು ಒದೆತ ನಾಯಿಗೇ ಪ್ರಾಣಾಂತಿಕವಾದೀತು.

ತೋಟ ಮತ್ತು ಗುಡ್ಡೆಯಲ್ಲಿ ಹಗ್ಗ ಬಿಚ್ಚಬೇಡಿ ಎಂದರೆ ನಿಮಗೆ ಕಠಿಣವೆನಿಸಬಹುದು. ಬಾಗಲಕೋಟೆ ಜಿಲ್ಲೆಯ ಬಯಲಿನಲ್ಲಿ ರೂಪುಗೊಂಡ ಈ ತಳಿಗೆ ದೂರದ ಚಲನೆಯೊಂದು ಕಂಡರೆ ಸಾಕು. ಅಲ್ಲಿ ಓಡಿದ ನಾಯಿ ಬಹಳ ಹೊತ್ತು ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಅದು ಅಡಿಕೆ ಮರಗಳ ಸಾಲು ದಾಟಿ, ತೋಡು ಹಾರಿ ಕ್ಷಣಾರ್ಧದಲ್ಲಿ ಮರೆಯಾಗುತ್ತದೆ. ಕಟ್ಟೆಯಿಲ್ಲದ ಬಾವಿ, ಮದಕ, ಕಾಡುಹಂದಿಗೆ ಇಟ್ಟ ಉರುಳು, ರಸ್ತೆಯ ವಾಹನ, ಎಲ್ಲವೂ ಅದರ ದಾರಿಯಲ್ಲಿವೆ. ಈಗ ನಮ್ಮ ಗುಡ್ಡೆಗಳಲ್ಲಿ ನವಿಲುಗಳೂ ತುಂಬಿವೆ. ನವಿಲು ಮತ್ತು ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಜೀವಿಗಳು. ಅವು ನಿಮ್ಮ ನಾಯಿಯ ಬಾಯಿಗೆ ಸಿಗದಂತೆ ನೋಡಿಕೊಳ್ಳುವ ಹೊಣೆ ನಿಮ್ಮದು. ಹಾವನ್ನು ಕೆಣಕಿ ಕಚ್ಚಿಸಿಕೊಳ್ಳುವುದೂ ಇಂಥ ನಾಯಿಗಳೇ. ನಾಗರ, ಕಡಂಬಳ, ಕನ್ನಡಿ ಹಾವುಗಳ ವಿಷಕ್ಕೆ ಮನುಷ್ಯರಿಗೆ ಕೊಡುವ ಪ್ರತಿವಿಷವೇ ನಾಯಿಗೂ ಒದಗುತ್ತದೆ. ಅದು ಯಾವ ಪಶು ಆಸ್ಪತ್ರೆಯಲ್ಲಿ ಸಿಗುತ್ತದೆ ಎಂದು ಈಗಲೇ ವಿಚಾರಿಸಿಟ್ಟುಕೊಳ್ಳಿ.

ಹಾಗೆಂದು ಓಡುವ ನಾಯಿಯನ್ನು ಓಡದಂತೆ ಮಾಡುವುದೂ ಅನ್ಯಾಯ. ಆವರಣದೊಳಗೆ ಉದ್ದನೆಯ ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಬಟ್ಟೆಯ ತುಂಡು ಕಟ್ಟಿ ಸುತ್ತಿಸಿ ಅಟ್ಟಲು ಬಿಡಿ. ನಡುವೆ ನಿಲ್ಲಿಸಿ, ಕೂರಿಸಿ, ಮತ್ತೆ ಬಿಡಿ. ಇದರಿಂದ ಉದ್ವೇಗದ ನಡುವೆಯೂ ನಿಮ್ಮ ಮಾತು ಕೇಳುವ ಅಭ್ಯಾಸ ಬೆಳೆಯುತ್ತದೆ. ಬೆಳಗ್ಗೆ ಸಂಜೆ ಹತ್ತು ಮೀಟರ್ ಹಗ್ಗದಲ್ಲಿ, ಮೂಸಲು ಸಾಕಷ್ಟು ಸಮಯ ಕೊಟ್ಟು ನಡೆಸಿ. ಕರೆದಾಗ ಬಂದದ್ದಕ್ಕೆ ಕೊಡುವ ತಿಂಡಿ ಮಾಂಸವೇ ಆಗಬೇಕೆಂದಿಲ್ಲ: ಪನೀರಿನ ಸಣ್ಣ ತುಣುಕು, ಉಪ್ಪಿಲ್ಲದೆ ಹುರಿದ ನೆಲಗಡಲೆ, ಬೇಯಿಸಿದ ಸಿಹಿಗೆಣಸು ಸಾಕು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ನಿತ್ಯದ ಆಹಾರ ಮಾತ್ರ ಬರೀ ಹಾಲು ಅನ್ನವಾದರೆ ಸಾಲದು. ಬೆಳೆದ ನಾಯಿಗೆಂದೇ ತಯಾರಿಸಿದ ಸಮತೋಲಿತ ಆಹಾರವನ್ನು ತರಿಸಿಕೊಳ್ಳಲು ಮನೆಯಲ್ಲಿ ಒಪ್ಪಿಗೆಯಿದೆಯೇ ಎಂದು ಮೊದಲೇ ಮಾತಾಡಿಕೊಳ್ಳಿ.

ಇಲಿ, ಮುಂಗುಸಿಗಳನ್ನು ಹಿಡಿಯುವ ನಾಯಿಗೆ ರೇಬೀಸ್ ಮತ್ತು ಇಲಿಜ್ವರದ ಲಸಿಕೆಗಳು ಪ್ರತಿವರ್ಷ ತಪ್ಪದೆ ಆಗಬೇಕು. ಕೇರಳದಲ್ಲಿ ನಾಯಿ ಸಾಕಲು ಪಂಚಾಯತಿನ ಪರವಾನಗಿ ಬೇಕು, ಅದಕ್ಕೆ ರೇಬೀಸ್ ಲಸಿಕೆಯ ಪ್ರಮಾಣಪತ್ರ ತೋರಿಸಬೇಕಾಗುತ್ತದೆ. ಬೆಂಗಳೂರಿನ ಲಸಿಕೆ ಪುಸ್ತಕವನ್ನು ನಾಯಿಯ ಜೊತೆಗೇ ಕೇಳಿ ಪಡೆಯಿರಿ.

ಸಂಬಂಧಿಕರು ಹೊರಡಲು ಎರಡು ತಿಂಗಳಿರುವುದು ನಿಮಗೆ ಅನುಕೂಲವೇ. ಹೊಸ ಮನೆಗೆ ಬಂದ ನಾಯಿ ಮೊದಲ ಕೆಲವು ವಾರ ಮುದುಡಿಕೊಂಡಿರುತ್ತದೆ. ನಿಜ ಸ್ವಭಾವ ಕಾಣುವುದು ಅದು ಜಾಗಕ್ಕೆ ಹೊಂದಿಕೊಂಡ ಮೇಲೆ. ಆದ್ದರಿಂದ ಹೊರಡುವ ಹಿಂದಿನ ದಿನ ತಂದು ಬಿಡಲು ಒಪ್ಪಬೇಡಿ. ಆವರಣವನ್ನು ಈ ತಿಂಗಳೇ ಮುಗಿಸಿ, ಅವರು ಇನ್ನೂ ಊರಲ್ಲಿರುವಾಗಲೇ ನಾಯಿಯನ್ನು ಕರೆತಂದು ಕನಿಷ್ಠ ನಾಲ್ಕೈದು ವಾರ ಇಟ್ಟುಕೊಂಡು ನೋಡಿ. ಬೆಕ್ಕಿನ ವಿಷಯದಲ್ಲಿ ಆಗದು ಎನಿಸಿದರೆ, ಬೆಕ್ಕು ಕೋಳಿಗಳಿಲ್ಲದ ಇನ್ನೊಂದು ಮನೆಯನ್ನು ಹುಡುಕುವ ಹೊಣೆ ಯಾರದ್ದು, ಅಲ್ಲಿಯವರೆಗೆ ನಾಯಿ ಎಲ್ಲಿರಬೇಕು ಎಂಬುದನ್ನು ಈಗಲೇ ಅವರೊಂದಿಗೆ ಮಾತಾಡಿ, ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.